ಗಿವಿಂಗ್ ಡೇಗೆ ಕ್ಲಾಸ್‌ಮೇಟ್‌ಗಳ ಹತ್ತಿರ ದೇಣಿಗೆ ಕೇಳೋದು ಹೇಗೆ? ಗೆಳೆತನ ಕೆಡಬಾರದು

ಬ್ಯಾಚ್‌ಪ್ರತಿನಿಧಿ

ಎಲ್ಲರಿಗೂ ನಮಸ್ಕಾರ. ನಮ್ಮ ಯೂನಿವರ್ಸಿಟಿಯ ಗಿವಿಂಗ್ ಡೇಗೆ ಇನ್ನು ಒಂಬತ್ತು ದಿನ ಇದೆ. ಹಳೇ ವಿದ್ಯಾರ್ಥಿಗಳು, ಈಗ ಓದುತ್ತಿರುವವರು, ಮೇಷ್ಟ್ರುಗಳು ಎಲ್ಲರೂ ಒಂದೇ ದಿನ, 24 ಗಂಟೆಯೊಳಗೆ ಕೈಲಾದಷ್ಟು ಕೊಡುವ ದಿನ ಅದು. ನಮ್ಮ ಬ್ಯಾಚಿನ ಜವಾಬ್ದಾರಿ ನನ್ನದು. ಯಾರೂ ಒತ್ತಾಯ ಮಾಡಲಿಲ್ಲ, ನಾನೇ ಕೈ ಎತ್ತಿದ್ದು.

ಕಳೆದ ವರ್ಷವೂ ನಾನೇ ಮಾಡಿದ್ದೆ. ವಾಟ್ಸ್ಆ್ಯಪ್ ಗ್ರೂಪಿನಲ್ಲಿ 58 ಜನ ಇದ್ದೇವೆ. ಬೆಳಗ್ಗೆ ಲಿಂಕ್ ಹಾಕಿದೆ. ಮಧ್ಯಾಹ್ನ ನೆನಪಿಸಿದೆ. ರಾತ್ರಿ "ಇನ್ನು ಮೂರೇ ಗಂಟೆ" ಅಂತ ಮತ್ತೊಂದು ಮೆಸೇಜ್ ಹಾಕಿದೆ. ಹನ್ನೊಂದು ಹೆಬ್ಬೆರಳು ಬಂದವು. ದುಡ್ಡು ಕೊಟ್ಟವರು ನಾಲ್ಕು ಜನ, ನನ್ನನ್ನೂ ಸೇರಿಸಿ. ಮರುದಿನ ಗ್ರೂಪಿನಲ್ಲಿ ಯಾರೂ ಒಂದು ಮಾತು ಆಡಲಿಲ್ಲ. ಆ ಮೌನ ಒಂದು ವಾರ ಇತ್ತು.

ನಾನು ಓದಿದ್ದೇ ಸ್ಕಾಲರ್‌ಶಿಪ್‌ನಲ್ಲಿ. ನನ್ನ ಮುಖವನ್ನೂ ನೋಡದ ಯಾರೋ ಕೊಟ್ಟ ಹಣ ಅದು. ಹಾಗಾಗಿ ಈ ಕೆಲಸವನ್ನು ನಾನು ಅಷ್ಟು ಸುಲಭವಾಗಿ ಬಿಡುವವನಲ್ಲ.

ಈ ಸಲ ಒಂದು ಯೋಚನೆ ಇದೆ. ಕೊಟ್ಟವರ ಪಟ್ಟಿ, ಇನ್ನೂ ಕೊಡದವರ ಪಟ್ಟಿ, ಎರಡನ್ನೂ ಎರಡು ಗಂಟೆಗೊಮ್ಮೆ ಗ್ರೂಪಿಗೆ ಹಾಕೋದು. ಇದು ಸರೀನಾ? ಬೇರೆ ದಾರಿ ಇದ್ದರೆ ಹೇಳಿ. ಅನುಭವ ಇದ್ದವರು ಬರೆದರೆ ತುಂಬ ಉಪಕಾರ.

ಕಿಟಕಿಪಕ್ಕ

ಕೊಡದವರ ಪಟ್ಟಿ ಹಾಕಬೇಡಿ. ದಯವಿಟ್ಟು.

ಹಳೇವಿದ್ಯಾರ್ಥಿ09

ಗ್ರೂಪಿಗೆ ಹಾಕಿದ್ದೇ ತಪ್ಪು. 58 ಜನರನ್ನು ಒಟ್ಟಿಗೆ ಕೇಳಿದರೆ ಯಾರನ್ನೂ ಕೇಳಿದ ಹಾಗೆ ಆಗಲ್ಲ. ಉಳಿದ 57 ಜನ ಕೊಡ್ತಾರೆ ಬಿಡು ಅಂತ ಎಲ್ಲರಿಗೂ ಅನಿಸುತ್ತೆ. ಒಬ್ಬೊಬ್ಬರಿಗೇ ಬೇರೆಯಾಗಿ ಬರೆಯಿರಿ. ಹೆಸರು ಹಿಡಿದು ಕರೆಯಿರಿ.

ಸಂಖ್ಯಾಪ್ರಿಯ

ಮೇಲಿನವರು ಹೇಳಿದ್ದಕ್ಕೆ ಗಟ್ಟಿ ಆಧಾರ ಇದೆ. ಜೊನಾಥನ್ ಮೀರ್ ಅನ್ನೋ ಅರ್ಥಶಾಸ್ತ್ರಜ್ಞರು ಒಂದು ಯೂನಿವರ್ಸಿಟಿಯ ಹಳೇ ವಿದ್ಯಾರ್ಥಿಗಳ ದೇಣಿಗೆ ದಾಖಲೆಗಳನ್ನು ಇಟ್ಟುಕೊಂಡು ಅಧ್ಯಯನ ಮಾಡಿ 2011ರಲ್ಲಿ ಪ್ರಕಟಿಸಿದರು. ಫೋನ್ ಮಾಡಿ ಕೇಳುವ ಸ್ವಯಂಸೇವಕರು ಓದುವಾಗಿನ ರೂಂಮೇಟ್ ಆಗಿದ್ದರೆ ಜನ ಕೊಡುವ ಸಾಧ್ಯತೆ ಹೆಚ್ಚುತ್ತಿತ್ತು. ಯಾರು ಕೇಳುತ್ತಾರೆ ಅನ್ನೋದು ತುಂಬ ಮುಖ್ಯ.

ಹಾಗಾಗಿ ನನ್ನ ಸಲಹೆ: 58 ಜನರನ್ನು ನೀವೊಬ್ಬರೇ ಕೇಳಬೇಡಿ. ಐದಾರು ಜನರನ್ನು ಮೊದಲು ಒಪ್ಪಿಸಿ. ಅವರು ತಮ್ಮ ತಮ್ಮ ರೂಂಮೇಟ್, ಲ್ಯಾಬ್ ಪಾರ್ಟ್‌ನರ್, ಒಂದೇ ಟೀಮಿನಲ್ಲಿ ಆಡಿದವರು, ಹೀಗೆ ಎಂಟೆಂಟು ಜನರನ್ನು ಹಂಚಿಕೊಳ್ಳಲಿ.

ನೇರಮಾತು

ನಾನೊಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಯಾಕೆ ಕೊಡಬೇಕು? ನಾನು ಫೀಸು ಕಟ್ಟಿ ಓದಿದವನು. ಎಜುಕೇಶನ್ ಲೋನ್ ಕಂತು ಮುಗಿಯೋಕೆ ಒಂಬತ್ತು ವರ್ಷ ಹಿಡೀತು. ಓದುವಾಗ ಒಂದು ಸರ್ಟಿಫಿಕೇಟಿಗೆ ಮೂರು ಕೌಂಟರ್ ಸುತ್ತಿಸಿದರು. ಈಗ ಹೊಸ ಕಟ್ಟಡದ ಮೇಲೆ ಕಟ್ಟಡ ಏಳುತ್ತಿದೆ. ವರ್ಷಕ್ಕೊಮ್ಮೆ ಮಾತ್ರ ನನ್ನ ನೆನಪಾಗುತ್ತೆ, ಅದೂ ದುಡ್ಡು ಕೇಳೋಕೆ. ಈ ಭಾವನೆ ನನ್ನೊಬ್ಬನದೇ ಅಲ್ಲ. ನಿಮ್ಮ 58ರಲ್ಲಿ ಅರ್ಧ ಜನರಿಗಾದರೂ ಇದೇ ಅನಿಸುತ್ತಿರುತ್ತೆ.

ಹಳೇವಿದ್ಯಾರ್ಥಿ09

ಹಾಗಂತ ಈಗ ಓದುತ್ತಿರುವ ಮಕ್ಕಳ ಮೇಲೆ ಕೋಪ ಯಾಕೆ?

ನೇರಮಾತು

ಮಕ್ಕಳ ಮೇಲೆ ಕೋಪ ಇಲ್ಲ ಸರ್. ನಾನು ಕೊಟ್ಟ ಹಣ ಆ ಮಕ್ಕಳಿಗೇ ಹೋಗುತ್ತೆ ಅಂತ ಯಾರು ಹೇಳ್ತಾರೆ?

ಲೆಕ್ಕದಪುಸ್ತಕ

ಪ್ರಶ್ನೆ ಸರಿಯಾಗಿದೆ. ನಾನು ಲೆಕ್ಕಪತ್ರದ ಕೆಲಸದಲ್ಲಿರುವವಳು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳ್ತೀನಿ.

ದೇಣಿಗೆಯಲ್ಲಿ ಎರಡು ಬಗೆ. ಒಂದು, ಯೂನಿವರ್ಸಿಟಿ ತನಗೆ ಬೇಕಾದ ಕಡೆ ಬಳಸಬಹುದಾದ ಹಣ. ಇನ್ನೊಂದು, ಕೊಡುವಾಗಲೇ "ಇದಕ್ಕೇ ಬಳಸಬೇಕು" ಅಂತ ಗೊತ್ತುಮಾಡಿದ ಹಣ. ಗಿವಿಂಗ್ ಡೇ ಪೇಜಿನಲ್ಲಿ ಸಾಮಾನ್ಯವಾಗಿ ಒಂದು ಪಟ್ಟಿ ಇರುತ್ತೆ: ಸ್ಕಾಲರ್‌ಶಿಪ್, ಲೈಬ್ರರಿ, ಕಷ್ಟಕಾಲದ ನಿಧಿ, ನಿಮ್ಮದೇ ವಿಭಾಗ, ಕ್ರೀಡೆ. ನೀವು ಆರಿಸದೇ ಹಾಗೇ ಕೊಟ್ಟರೆ ಅದು ಮೊದಲನೇ ಬಗೆಗೆ ಹೋಗೋದೇ ಜಾಸ್ತಿ. ನೇರಮಾತು ಅವರಂಥವರಿಗೆ ಆ ಪಟ್ಟಿಯನ್ನು ತೋರಿಸಿದರೆ ಅರ್ಧ ಸಿಟ್ಟು ಇಳಿಯುತ್ತೆ.

ಇನ್ನೊಂದು ಮಾತು. ಎಂಡೋಮೆಂಟ್, ಅಂದರೆ ಯೂನಿವರ್ಸಿಟಿಯ ಶಾಶ್ವತ ನಿಧಿ, ಅಂತ ದೊಡ್ಡ ಮೊತ್ತ ಕೇಳಿದಾಗ "ಅಷ್ಟು ದುಡ್ಡಿದೆಯಲ್ಲಾ" ಅನಿಸುತ್ತೆ. ಅದು ಕೈಗೆ ಸಿಗುವ ನಗದಲ್ಲ. ಅಸಲನ್ನು ಹಾಗೇ ಹೂಡಿಕೆಯಲ್ಲಿಟ್ಟು, ಪ್ರತಿ ವರ್ಷ ಅದರಿಂದ ಒಂದು ಸಣ್ಣ ಪಾಲನ್ನು ಮಾತ್ರ ಖರ್ಚಿಗೆ ತೆಗೆಯುತ್ತಾರೆ. ಅದರಲ್ಲೂ ಬಹುಪಾಲು ಹಣಕ್ಕೆ ದಾನಿಗಳು ಮೊದಲೇ ಷರತ್ತು ಹಾಕಿರುತ್ತಾರೆ. ಇವತ್ತು ಒಬ್ಬ ಹುಡುಗಿಯ ಲ್ಯಾಪ್‌ಟಾಪ್ ಕೆಟ್ಟರೆ ಅದರಿಂದ ತೆಗೆದು ಕೊಡೋಕೆ ಆಗಲ್ಲ.

ಇನ್ನೂಓದುತ್ತಿರುವೆ

ಲ್ಯಾಪ್‌ಟಾಪ್ ಮಾತು ಬಂತಲ್ಲ, ಅದಕ್ಕೆ ಬರೀತಿದ್ದೀನಿ. ಇಲ್ಲಿ ಇದು ನನ್ನ ಮೊದಲ ಪೋಸ್ಟ್.

ಕಳೆದ ಸೆಮಿಸ್ಟರ್ ಪ್ರಾಜೆಕ್ಟ್ ಕೊಡೋಕೆ ಹನ್ನೆರಡು ದಿನ ಇರುವಾಗ ನನ್ನ ಲ್ಯಾಪ್‌ಟಾಪ್ ಆನ್ ಆಗಲಿಲ್ಲ. ಮದರ್‌ಬೋರ್ಡ್ ಹೋಗಿತ್ತು. ಮನೆಯಲ್ಲಿ ಹೇಳಲಿಲ್ಲ. ಹೇಳಿದರೆ ಅಪ್ಪ ಎಲ್ಲಾದರೂ ಸಾಲ ಮಾಡ್ತಾರೆ ಅಂತ ಗೊತ್ತಿತ್ತು. ಲೈಬ್ರರಿಯ ಕಂಪ್ಯೂಟರ್ ಮುಂದೆ ರಾತ್ರಿ ಮುಚ್ಚುವವರೆಗೂ ಕೂರುತ್ತಿದ್ದೆ. ಅಲ್ಲಿ ಕೆಲಸ ಮಾಡುವ ಒಬ್ಬರು ಮೂರನೇ ದಿನ ಕೇಳಿದರು. ಅವರೇ ಒಂದು ಫಾರಂ ಕೊಟ್ಟು ತುಂಬಿಸಿದರು. ಒಂದೇ ಪುಟ. ಐದನೇ ದಿನ ನನ್ನ ಕೈಯಲ್ಲಿ ಬೇರೆ ಲ್ಯಾಪ್‌ಟಾಪ್ ಇತ್ತು.

ಆ ಫಾರಂನ ಕೆಳಗೆ ಸಣ್ಣ ಅಕ್ಷರದಲ್ಲಿ "ಹಳೇ ವಿದ್ಯಾರ್ಥಿಗಳ ದೇಣಿಗೆಯಿಂದ ನಡೆಯುವ ನಿಧಿ" ಅಂತ ಇತ್ತು. ಯಾವ ಬ್ಯಾಚು, ಯಾರು ಅಂತ ನನಗೆ ಗೊತ್ತಿಲ್ಲ. ಥ್ಯಾಂಕ್ಸ್ ಹೇಳೋಕೂ ದಾರಿ ಇಲ್ಲ. ಇಲ್ಲಿ ಯಾರಾದರೂ ಅಂಥ ನಿಧಿಗೆ ಕೊಟ್ಟಿದ್ದರೆ, ನಿಮಗೇ ಹೇಳ್ತಿದ್ದೀನಿ ಅಂದುಕೊಳ್ಳಿ.

ಮಳೆಬಿಲ್ಲು

ಓದಿ ಕಣ್ಣು ತುಂಬಿ ಬಂತು. ಎಷ್ಟೋ ಸಲ ಕೊಟ್ಟಿದ್ದೀನಿ, ಎಲ್ಲಿಗೆ ಹೋಯ್ತು ಅಂತ ಒಮ್ಮೆಯೂ ಕೇಳಿರಲಿಲ್ಲ.

ಫೋನ್‌ಡೆಸ್ಕ್

ಬ್ಯಾಚ್‌ಪ್ರತಿನಿಧಿ ಅವರೇ, ಮೇಲಿನ ಈ ಹುಡುಗಿ ಬರೆದ ಐದಾರು ಸಾಲೇ ನಿಮ್ಮ ಮೆಸೇಜ್.

ನಾನು ಓದುವಾಗ ಎರಡು ವರ್ಷ ಸಂಜೆ ಹೊತ್ತು ಹಳೇ ವಿದ್ಯಾರ್ಥಿಗಳಿಗೆ ಫೋನ್ ಮಾಡಿ ದೇಣಿಗೆ ಕೇಳುವ ಕೆಲಸ ಮಾಡಿದ್ದೀನಿ. ಕೈಯಲ್ಲಿ ಒಂದು ಹಾಳೆ ಕೊಡ್ತಿದ್ದರು. ಅದರಲ್ಲಿ ಇದ್ದದ್ದನ್ನು ಓದಬೇಕು. ಗಂಟೆಗೆ ಮೂವತ್ತು ಕರೆ ಆದರೂ ಒಬ್ಬರು ಕೊಟ್ಟರೆ ಹೆಚ್ಚು. ಒಂದು ದಿನ ಸ್ಕಾಲರ್‌ಶಿಪ್ ಪಡೆದ ಜೂನಿಯರ್ ಒಬ್ಬ ನಮ್ಮ ರೂಮಿಗೆ ಬಂದು ಮಾತಾಡಿ ಹೋದ. ಅವತ್ತಿನಿಂದ ಹಾಳೆ ಪಕ್ಕಕ್ಕಿಟ್ಟೆ. ಅವನ ವಿಷಯ ಹೇಳ್ತಿದ್ದೆ. ನನ್ನ ದನಿಯೇ ಬೇರೆ ಆಯ್ತು.

ಆಮೇಲೆ ಗೊತ್ತಾಯ್ತು, ಇದನ್ನೇ ಆಡಮ್ ಗ್ರಾಂಟ್ ಮತ್ತು ಜೊತೆಯವರು ಒಂದು ಯೂನಿವರ್ಸಿಟಿಯ ಕಾಲ್ ಸೆಂಟರಿನಲ್ಲಿ ಪರೀಕ್ಷೆ ಮಾಡಿ 2007ರಲ್ಲಿ ಪ್ರಕಟಿಸಿದ್ದರು ಅಂತ. ಸ್ಕಾಲರ್‌ಶಿಪ್ ಪಡೆದ ಒಬ್ಬ ವಿದ್ಯಾರ್ಥಿಯನ್ನು ಕೆಲವೇ ನಿಮಿಷ ಭೇಟಿ ಮಾಡಿದ್ದ ಕಾಲರ್‌ಗಳು, ಒಂದು ತಿಂಗಳ ಮೇಲೂ ಮೊದಲಿಗಿಂತ ಎರಡು ಪಟ್ಟಿಗೂ ಜಾಸ್ತಿ ಹಣ ತರುತ್ತಿದ್ದರು. ಕೇಳುವವರಿಗೇ ಆ ಹಣದ ಮುಖ ಗೊತ್ತಿರಬೇಕು ಅನ್ನೋದು ಇದರಿಂದ ನನಗೆ ತಿಳಿದದ್ದು. ನೀವು ಕೇಳಲು ಒಪ್ಪಿಸುವ ಐದಾರು ಜನರನ್ನು ಮೊದಲು ಇಂಥ ಒಬ್ಬ ವಿದ್ಯಾರ್ಥಿಯ ಜೊತೆ ಹತ್ತು ನಿಮಿಷ ಮಾತಾಡಿಸಿ.

ಇನ್ನೂಓದುತ್ತಿರುವೆ

ನಾನು ಬರ್ತೀನಿ ಸರ್. ವಿಡಿಯೋ ಕಾಲ್ ಆದರೆ ಯಾವಾಗ ಬೇಕಾದರೂ.

ಗೆಲುವಿನಗಂಟೆ

ನನಗೆ ಪಟ್ಟಿ ಹಾಕೋದರಲ್ಲಿ ಅಷ್ಟೇನೂ ತಪ್ಪು ಕಾಣಲ್ಲ. ನಮ್ಮ ಬ್ಯಾಚಿನಲ್ಲಿ ಹೆಸರು ಹಾಕಿದ ಮೇಲೇ ಜನ ಕೊಟ್ಟಿದ್ದು. ಸ್ವಲ್ಪ ಒತ್ತಡ ಇಲ್ಲದೆ ಯಾವ ಕೆಲಸ ಆಗುತ್ತೆ ಹೇಳಿ? ಎಲ್ಲರೂ ಸಂಪಾದಿಸುತ್ತಿದ್ದಾರೆ, ಒಂದು ಸಣ್ಣ ಮೊತ್ತ ಕೊಡೋಕೆ ಏನು ಕಷ್ಟ?

ಮೌನಿ

"ಎಲ್ಲರೂ ಸಂಪಾದಿಸುತ್ತಿದ್ದಾರೆ" ಅಂದಿರಿ. ನನಗೆ ಕೆಲಸ ಹೋಗಿ ಏಳು ತಿಂಗಳಾಗಿತ್ತು. ಯಾರಿಗೂ ಹೇಳಿರಲಿಲ್ಲ. ನಮ್ಮ ಗ್ರೂಪಿನಲ್ಲಿ ಇದೇ ರೀತಿ ಪಟ್ಟಿ ಬಂತು. "ಇವರು ಇನ್ನೂ ಬಾಕಿ" ಅಂತ ಒಂಬತ್ತು ಹೆಸರು, ನನ್ನದು ಮೂರನೆಯದು. ಎರಡು ಗಂಟೆ ಬಿಟ್ಟು ಮತ್ತೆ ಬಂತು. ಆಗ ಆರು ಹೆಸರು. ರಾತ್ರಿ ಹೊತ್ತಿಗೆ ಎರಡೇ ಹೆಸರು ಉಳಿದಿದ್ದವು.

ಗ್ರೂಪ್ ಬಿಟ್ಟೆ. ಹದಿನಾಲ್ಕು ವರ್ಷದ ಗೆಳೆಯರು ಇದ್ದ ಗ್ರೂಪ್ ಅದು. ಪಟ್ಟಿ ಹಾಕಿದವನು ಕೆಟ್ಟವನಲ್ಲ. ಅವನಿಗೆ ಗೊತ್ತಿರಲಿಲ್ಲ ಅಷ್ಟೇ. ಆದರೆ ಗೊತ್ತಿಲ್ಲ ಅನ್ನೋದನ್ನು ನೆನಪಿಟ್ಟುಕೊಳ್ಳಬೇಕಲ್ವಾ?

ಗೆಲುವಿನಗಂಟೆ

ಇದು ನನಗೆ ತೋಚಿರಲೇ ಇಲ್ಲ. ಕ್ಷಮಿಸಿ. ನಮ್ಮ ಬ್ಯಾಚಿನಲ್ಲೂ ಆಮೇಲೆ ಇಬ್ಬರು ಗ್ರೂಪ್ ಬಿಟ್ಟಿದ್ದರು. ಯಾಕೆ ಅಂತ ನಾನು ಕೇಳಲಿಲ್ಲ. ಇವತ್ತು ಫೋನ್ ಮಾಡ್ತೀನಿ.

ಸಂಖ್ಯಾಪ್ರಿಯ

ಒತ್ತಡದ ಬಗ್ಗೆ ಎರಡು ಅಧ್ಯಯನ ನೆನಪಾಗುತ್ತವೆ. ಡೆಲ್ಲಾವಿಗ್ನಾ, ಲಿಸ್ಟ್, ಮಾಲ್ಮೆಂಡಿಯರ್ ಅನ್ನೋ ಮೂವರು 2012ರಲ್ಲಿ ಪ್ರಕಟಿಸಿದ್ದು ಮನೆಮನೆಗೆ ಹೋಗಿ ದೇಣಿಗೆ ಕೇಳುವ ಪ್ರಯೋಗ. ಹಿಂದಿನ ದಿನವೇ "ನಾಳೆ ಇಷ್ಟು ಹೊತ್ತಿಗೆ ಬರ್ತೀವಿ" ಅಂತ ಚೀಟಿ ಬಿಟ್ಟು ಬಂದರೆ, ಬಾಗಿಲು ತೆರೆಯುವವರ ಸಂಖ್ಯೆಯೇ ಇಳಿಯಿತು. ಚೀಟಿಯಲ್ಲಿ "ಬರೋದು ಬೇಡ" ಅಂತ ಗುರುತು ಮಾಡೋಕೆ ಒಂದು ಚೌಕ ಇಟ್ಟಾಗ ಕೊಡುವವರೂ ಕಡಿಮೆಯಾದರು. ಅಂದರೆ ಕೊಡುತ್ತಿದ್ದವರಲ್ಲಿ ಒಂದಷ್ಟು ಜನ ಇಲ್ಲ ಅನ್ನೋಕೆ ಆಗದೆ ಕೊಡುತ್ತಿದ್ದರು.

ಇನ್ನೊಂದು ಆ್ಯಂಡ್ರಿಯೋನಿ ಮತ್ತು ಜೊತೆಯವರದು, ಬೋಸ್ಟನ್ನಿನ ಒಂದು ಸೂಪರ್‌ಮಾರ್ಕೆಟ್ ಬಾಗಿಲಲ್ಲಿ ನಡೆದದ್ದು. ದೇಣಿಗೆ ಕೂಡಿಸುವವರು ಗಂಟೆ ಬಾರಿಸುತ್ತಾ ಸುಮ್ಮನೆ ನಿಂತಿದ್ದಕ್ಕಿಂತ ಬಾಯಿಬಿಟ್ಟು ಕೇಳಿದಾಗ ಹಣ ಜಾಸ್ತಿ ಬಂತು. ಆದರೆ ಎಷ್ಟೋ ಜನ ಆ ಬಾಗಿಲು ಬಿಟ್ಟು ಇನ್ನೊಂದು ಬಾಗಿಲಿನಿಂದ ಹೋದರು.

ಬಾಯಿಬಿಟ್ಟು ಕೇಳಲೇಬೇಕು. ಆದರೆ ಹಣ ಹೆಚ್ಚಾಗಿ ಬಂದಾಗ ಬೇರೆ ಬಾಗಿಲು ಹುಡುಕಿದವರು ಲೆಕ್ಕಕ್ಕೆ ಬರಲ್ಲ. ಗ್ರೂಪ್ ಬಿಡೋದು ಅಂಥದೇ ಒಂದು ಬಾಗಿಲು.

ಬ್ಯಾಚ್‌ಪ್ರತಿನಿಧಿ

ಪಟ್ಟಿಯ ಯೋಚನೆ ಕೈಬಿಟ್ಟೆ. ಮೌನಿ ಅವರೇ, ಬರೆದಿದ್ದಕ್ಕೆ ಋಣಿ. ನಮ್ಮ ಗ್ರೂಪಿನಲ್ಲಿ ಈ ಹೊತ್ತು ಯಾರಿಗೆ ಏನು ಕಷ್ಟ ಇದೆ ಅಂತ ಯೋಚಿಸಿದರೆ ನನಗೆ 58ರಲ್ಲಿ ಹದಿನೈದು ಜನರ ಬಗ್ಗೆಯೂ ಗೊತ್ತಿಲ್ಲ.

ಕೊಟ್ಟವರ ಹೆಸರು ಮಾತ್ರ ಹಾಕಬಹುದಾ?

ಕಿಟಕಿಪಕ್ಕ

ಅವರನ್ನು ಕೇಳಿ ಹಾಕಿ. ಮೊತ್ತ ಮಾತ್ರ ಬೇಡವೇ ಬೇಡ.

ಲೆಕ್ಕದಪುಸ್ತಕ

ಹೆಸರಿಗಿಂತ ಎಣಿಕೆ ಹಾಕಿ. "ನಮ್ಮ ಬ್ಯಾಚಿನಿಂದ 14 ಜನ ಆಯ್ತು" ಅಂದರೆ ಸಾಕು.

ಸಂಖ್ಯಾಪ್ರಿಯ

ಎಣಿಕೆಯೂ ಕೆಲಸ ಮಾಡುತ್ತೆ. ಜ್ಯೂರಿಕ್ ಯೂನಿವರ್ಸಿಟಿಯಲ್ಲಿ ವಿದ್ಯಾರ್ಥಿಗಳು ಪ್ರತಿ ಸೆಮಿಸ್ಟರ್ ಫೀಸು ಕಟ್ಟುವಾಗ ಎರಡು ಸಹಾಯ ನಿಧಿಗಳಿಗೆ ಇಷ್ಟವಿದ್ದರೆ ಕೊಡಬಹುದಿತ್ತು. ಫ್ರೇ ಮತ್ತು ಮೇಯರ್ ಅನ್ನೋರು ಕೆಲವರಿಗೆ "ಹಿಂದೆ 64% ವಿದ್ಯಾರ್ಥಿಗಳು ಕೊಟ್ಟಿದ್ದಾರೆ" ಅಂತ, ಕೆಲವರಿಗೆ "46%" ಅಂತ ತಿಳಿಸಿದರು. ಎರಡೂ ನಿಜವಾದ ಅಂಕಿಗಳೇ, ಬೇರೆ ಬೇರೆ ಅವಧಿಯವು. ಹೆಚ್ಚಿನ ಅಂಕಿ ನೋಡಿದವರಲ್ಲಿ ಕೊಟ್ಟವರು ಸ್ವಲ್ಪ ಜಾಸ್ತಿ. 2004ರ ಅಧ್ಯಯನ ಇದು. ಹಾಗಾಗಿ "ಇನ್ನೂ 44 ಜನ ಬಾಕಿ" ಅನ್ನಬೇಡಿ. "14 ಜನ ಬಂದಾಯ್ತು" ಅನ್ನಿ.

ನೇರಮಾತು

ಇನ್ನೊಂದು ಸಂಶಯ. ಇವರಿಗೆ ಹಣಕ್ಕಿಂತ "ಎಷ್ಟು ಶೇಕಡಾ ಹಳೇ ವಿದ್ಯಾರ್ಥಿಗಳು ಕೊಟ್ಟರು" ಅನ್ನೋ ಅಂಕಿ ಬೇಕಾಗಿರುತ್ತೆ, ಅದು ರ್‍ಯಾಂಕಿಂಗ್‌ಗೆ ಅಂತ ಕೇಳಿದ್ದೆ. ಹೌದಾ?

ದೂರದೇಶ

ಅರ್ಧ ಸರಿ. ಅಮೆರಿಕದ ಯು.ಎಸ್. ನ್ಯೂಸ್ ರ್‍ಯಾಂಕಿಂಗ್‌ನಲ್ಲಿ ಅದಕ್ಕೆ ಅಂಕ ಇತ್ತು. 2023ರಲ್ಲಿ ಅದನ್ನು ತೆಗೆದರು. ಹಾಗಾಗಿ ಅಲ್ಲೂ ಈಗ ಆ ಕಾರಣ ಇಲ್ಲ. ಆದರೆ ಜನರ ಸಂಖ್ಯೆಗೆ ಬೇರೆ ಬೆಲೆ ಇದೆ. ಇಂದು ಸಣ್ಣದು ಕೊಟ್ಟವರು ಮುಂದೆ ಪ್ರತಿ ವರ್ಷ ಕೊಡುವ ಅಭ್ಯಾಸಕ್ಕೆ ಬರ್ತಾರೆ. ಈ ವಾರ್ಷಿಕ ದೇಣಿಗೆ ಹೊಸದೇನೂ ಅಲ್ಲ, ಅಮೆರಿಕದ ಯೇಲ್ ಯೂನಿವರ್ಸಿಟಿಯಲ್ಲಿ ಹಳೇ ವಿದ್ಯಾರ್ಥಿಗಳ ನಿಧಿ ಶುರುವಾಗಿದ್ದು 1890ರಲ್ಲಿ. ಒಂದೇ ದಿನ, ಆನ್‌ಲೈನ್, ಗಡಿಯಾರ ಓಡ್ತಾ ಇರೋದು, ಇದು ಮಾತ್ರ ಹೊಸದು. ಕೊಲಂಬಿಯಾ ಯೂನಿವರ್ಸಿಟಿ 2012ರಲ್ಲಿ ಮಾಡಿತು. ವರ್ಷಕ್ಕೊಂದು ಮಂಗಳವಾರ ಎಲ್ಲ ಬಗೆಯ ಸಂಸ್ಥೆಗಳಿಗೆ ದಾನ ಕೊಡುವ ಗಿವಿಂಗ್ ಟ್ಯೂಸ್‌ಡೇ ಶುರುವಾಗಿದ್ದೂ ಅದೇ ವರ್ಷ.

ಗೆಲುವಿನಗಂಟೆ

ಮ್ಯಾಚಿಂಗ್ ಬಗ್ಗೆ ಯಾರೂ ಹೇಳಲಿಲ್ಲ. ಅದು ತುಂಬ ಮುಖ್ಯ. ನೀವು ಕೊಟ್ಟಷ್ಟೇ ಇನ್ನೊಬ್ಬ ದೊಡ್ಡ ದಾನಿ ಸೇರಿಸಿ ಕೊಡ್ತಾರೆ. ಒಂದಕ್ಕೆ ಮೂರು ಸೇರಿಸುವವರು ಸಿಕ್ಕರೆ ಇನ್ನೂ ಒಳ್ಳೇದು. ಆಗ ಜನ ಮುಗಿಬೀಳ್ತಾರೆ.

ಸಂಖ್ಯಾಪ್ರಿಯ

ಮೊದಲನೆಯದು ಸರಿ, ಎರಡನೆಯದು ಅಲ್ಲ. ಕಾರ್ಲನ್ ಮತ್ತು ಲಿಸ್ಟ್ ಅವರ 2007ರ ಪ್ರಯೋಗದಲ್ಲಿ ಒಂದು ಸಂಸ್ಥೆಗೆ ಹಿಂದೆ ಕೊಟ್ಟಿದ್ದ 50,000ಕ್ಕೂ ಹೆಚ್ಚು ಜನರಿಗೆ ಪತ್ರ ಹೋಯಿತು. ಮ್ಯಾಚಿಂಗ್ ಇದೆ ಅಂತ ಹೇಳಿದಾಗ ಕೊಡುವ ಸಾಧ್ಯತೆ 22% ಹೆಚ್ಚಿತು, ಒಂದೊಂದು ಪತ್ರಕ್ಕೆ ಬಂದ ಹಣ 19% ಹೆಚ್ಚಿತು. ಆದರೆ ಒಂದಕ್ಕೆ ಒಂದು, ಒಂದಕ್ಕೆ ಎರಡು, ಒಂದಕ್ಕೆ ಮೂರು, ಈ ಮೂರರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ದೊಡ್ಡ ದಾನಿ ಸಿಕ್ಕರೆ ಒಂದಕ್ಕೆ ಒಂದರಂತೆ ಹೆಚ್ಚು ಜನರಿಗೆ ಹಂಚಿ.

ಲೆಕ್ಕದಪುಸ್ತಕ

ಇಲ್ಲಿ ಒಂದು ಎಚ್ಚರ ಬೇಕು. ಆ ದಾನಿ ನಮ್ಮವರು ಕೊಡದಿದ್ದರೂ ಪೂರ್ತಿ ಹಣ ಕೊಡುವವರೇ ಆಗಿದ್ದರೆ, "ನೀವು ಕೊಡದಿದ್ದರೆ ಈ ಹಣ ತಪ್ಪಿಹೋಗುತ್ತೆ" ಅಂತ ಬರೆಯಬಾರದು. ಅದು ಸುಳ್ಳು. ಷರತ್ತು ಏನು ಅಂತ ಆಫೀಸಿನಲ್ಲಿ ಕೇಳಿ ತಿಳಿದುಕೊಂಡು, ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ.

ಗೆಲುವಿನಗಂಟೆ

ಒಪ್ಪಿದೆ. ಮೇಡಂ ಹೇಳಿದ್ದು ನ್ಯಾಯ.

ದೂರದೇಶ

ಕಂಪನಿಯ ಮ್ಯಾಚಿಂಗ್ ಕೂಡ ಮರೆಯಬೇಡಿ. ಜನರಲ್ ಎಲೆಕ್ಟ್ರಿಕ್‌ನವರು 1954ರಲ್ಲೇ ಶುರು ಮಾಡಿದ ಪದ್ಧತಿ ಇದು. ಈಗ ಎಷ್ಟೋ ದೊಡ್ಡ ಕಂಪನಿಗಳಲ್ಲಿದೆ. ಉದ್ಯೋಗಿ ಕೊಟ್ಟ ದೇಣಿಗೆಗೆ ಕಂಪನಿಯೂ ಸೇರಿಸುತ್ತೆ. ನಾನು ಆರು ವರ್ಷ ಗೊತ್ತಿಲ್ಲದೇ ಬಿಟ್ಟಿದ್ದೆ. ಎಚ್‌ಆರ್ ಪೋರ್ಟಲ್‌ನಲ್ಲಿ ಒಂದು ಫಾರಂ, ಜೊತೆಗೆ ರಸೀದಿಯ ಕಾಪಿ, ಅಷ್ಟೇ. ನಿಮ್ಮ ಬ್ಯಾಚಿನವರು ಎಲ್ಲೆಲ್ಲಿ ಕೆಲಸ ಮಾಡ್ತಾರೆ ನೋಡಿ, ಈ ಸೌಲಭ್ಯ ಇರುವವರಿಗೆ ಒಂದು ಸಾಲು ಬರೆಯಿರಿ.

ಬ್ಯಾಚ್‌ಪ್ರತಿನಿಧಿ

ಎಲ್ಲರ ಮಾತು ಕೇಳಿ ಒಂದು ಮೆಸೇಜ್ ಬರೆದಿದ್ದೀನಿ. ತಿದ್ದಿ ಕೊಡಿ.

"ನಮಸ್ತೆ. ನಮ್ಮ ಯೂನಿವರ್ಸಿಟಿಯ ಗಿವಿಂಗ್ ಡೇ ಮುಂದಿನ ವಾರ ಇದೆ. ನಮ್ಮನ್ನು ಬೆಳೆಸಿದ ಸಂಸ್ಥೆಗೆ ಏನಾದರೂ ಮರಳಿ ಕೊಡುವುದು ನಮ್ಮೆಲ್ಲರ ಕರ್ತವ್ಯ. ದಯವಿಟ್ಟು ನಿಮ್ಮ ಕೈಲಾದಷ್ಟು ದೇಣಿಗೆ ನೀಡಿ. ಎಷ್ಟಾದರೂ ಸರಿ. ಲಿಂಕ್ ಕೆಳಗಿದೆ."

ಫೋನ್‌ಡೆಸ್ಕ್

ಇದು ಆಫೀಸಿನ ಸುತ್ತೋಲೆ ಥರ ಇದೆ. ನಿಮ್ಮ ಗೆಳೆಯನಿಗೆ ನೀವು "ನೀಡಿ" ಅಂತ ಯಾವತ್ತಾದರೂ ಬರೆದಿದ್ದೀರಾ? "ಕರ್ತವ್ಯ" ಅಂದ ತಕ್ಷಣ ನೇರಮಾತು ಅವರಂಥವರು ಫೋನ್ ಮುಚ್ಚಿಡ್ತಾರೆ.

ನೇರಮಾತು

ಹೌದು, ಮುಚ್ಚಿಡ್ತೀನಿ.

ಮಳೆಬಿಲ್ಲು

ಮೊದಲ ಸಾಲಿನಲ್ಲಿ ಆ ಒಬ್ಬರಿಗೆ ಮಾತ್ರ ಗೊತ್ತಿರುವ ಒಂದು ನೆನಪು ಇರಲಿ. ನನಗೆ ಒಬ್ಬಳು ಬರೆದಿದ್ದಳು: "ಲೈಬ್ರರಿಯ ಎರಡನೇ ಮಹಡಿಯಲ್ಲಿ ಆ ಕಾಲು ಅಲ್ಲಾಡುವ ಮೇಜು ನೆನಪಿದೆಯಾ? ಅದರ ಕೆಳಗೆ ನೀನು ಕಾಗದ ಮಡಿಸಿ ಇಡುತ್ತಿದ್ದೆಯಲ್ಲ, ಈಗಲೂ ಹಾಗೇ ಇದೆ." ಅದನ್ನು ಓದಿ ಹತ್ತು ನಿಮಿಷ ಸುಮ್ನೆ ಕೂತಿದ್ದೆ. ಆಮೇಲೆ ಲೈಬ್ರರಿ ನಿಧಿಗೆ ಕೊಟ್ಟೆ.

ಕಿಟಕಿಪಕ್ಕ

ಆ ಮೇಜು ನಮ್ಮ ಕಾಲೇಜಿನಲ್ಲೂ ಇತ್ತು. ಎಲ್ಲ ಕಡೆ ಒಂದು ಇರುತ್ತೆ ಅನಿಸುತ್ತೆ. ನಮ್ಮದರ ಮೇಲೆ ಯಾರೋ ಕೈವಾರದಿಂದ ಆವರ್ತ ಕೋಷ್ಟಕ ಕೆತ್ತಿದ್ದರು. ಕೊನೆಯ ಎರಡು ಸಾಲು ಬಾಕಿ ಇತ್ತು.

ಹಳೇವಿದ್ಯಾರ್ಥಿ09

ನಮ್ಮಲ್ಲಿ ಪ್ರಯೋಗಶಾಲೆಯ ಸಹಾಯಕರು ಒಬ್ಬರು ಇದ್ದರು. ಒಡೆದ ಬೀಕರ್‌ಗೆ ದಂಡ ಬರೆಯುವ ಪುಸ್ತಕದಲ್ಲಿ ಬಡ ಹುಡುಗರ ಹೆಸರು ಬರೆಯುತ್ತಲೇ ಇರಲಿಲ್ಲ. ತಾವೇ ಕಟ್ಟುತ್ತಿದ್ದರು ಅಂತ ಅವರು ನಿವೃತ್ತಿಯಾದ ಮೇಲೆ ಗೊತ್ತಾಯಿತು. ಅವರ ಹೆಸರಿನಲ್ಲಿ ನಮ್ಮ ಬ್ಯಾಚು ಲ್ಯಾಬ್ ನಿಧಿಗೆ ಕೊಟ್ಟಾಗ, ಅದುವರೆಗೆ ಯಾವತ್ತೂ ಕೊಡದವರೂ ಬಂದರು. ಸಂಸ್ಥೆಗೆ ಕೊಡಲು ಮನಸ್ಸಿಲ್ಲದವರು ಮನುಷ್ಯರಿಗೆ ಕೊಡ್ತಾರೆ.

ನಿರ್ವಾಹಕ

ನೆನಪುಗಳು ಚೆನ್ನಾಗಿವೆ, ಅದಕ್ಕೊಂದು ಬೇರೆ ಎಳೆ ತೆರೆಯಿರಿ. ಇಲ್ಲಿ ಮೆಸೇಜ್ ಮುಗಿಸೋಣ.

ಫೋನ್‌ಡೆಸ್ಕ್

ನನ್ನ ತಿದ್ದುಪಡಿ ಇದು. ಆಪ್ತ ಗೆಳೆಯನಿಗೆ ಅಂತ ಅಂದುಕೊಂಡಿದ್ದೀನಿ.

"ಹೇಗಿದ್ದೀಯಾ? ಪ್ರಾಜೆಕ್ಟ್ ಕೊಡುವ ಹಿಂದಿನ ರಾತ್ರಿ ನನ್ನ ಕಂಪ್ಯೂಟರ್ ಕೆಟ್ಟಾಗ ನಿನ್ನದನ್ನು ಕೊಟ್ಟು ನೀನು ಬೆಳಗಿನವರೆಗೂ ಕಾದಿದ್ದೆ ನೋಡು, ಅದು ನೆನಪಾಯ್ತು. ಈಗ ಓದುತ್ತಿರುವ ಒಬ್ಬ ಹುಡುಗಿಗೂ ಹಾಗೇ ಆಗಿತ್ತು. ಅವಳಿಗೆ ನಮ್ಮ ಥರ ಹಳೇ ವಿದ್ಯಾರ್ಥಿಗಳ ಹಣದಿಂದ ಐದು ದಿನದಲ್ಲಿ ಲ್ಯಾಪ್‌ಟಾಪ್ ಸಿಕ್ಕಿತು. ಗುರುವಾರ ಗಿವಿಂಗ್ ಡೇ. ನಾನು ಅದೇ ನಿಧಿಗೆ ಕೊಟ್ಟಿದ್ದೀನಿ. ನಿನಗೂ ಆಗುತ್ತೆ ಅನಿಸಿದರೆ ಲಿಂಕ್ ಕಳಿಸ್ತೀನಿ. ತೀರಾ ಸಣ್ಣ ಮೊತ್ತವೂ ಲೆಕ್ಕಕ್ಕೆ ಬರುತ್ತೆ. ಈಗ ಆಗಲ್ಲ ಅಂದರೂ ಪರವಾಗಿಲ್ಲ, ಕಾರಣ ಹೇಳಬೇಕಾಗಿಲ್ಲ. ಹೇಗೂ ಈ ವಾರ ಒಮ್ಮೆ ಮಾತಾಡೋಣ."

ಲೆಕ್ಕದಪುಸ್ತಕ

"ನಾನು ಕೊಟ್ಟಿದ್ದೀನಿ" ಅನ್ನೋದು ನಿಜ ಇರಬೇಕು. ಕೇಳುವ ಮೊದಲು ಕೊಟ್ಟಿರಿ.

ಹಳೇವಿದ್ಯಾರ್ಥಿ09

"ಸಣ್ಣ ಮೊತ್ತ" ಅಂದರೆ ದೊಡ್ಡದು ಕೊಡಬೇಕೆಂದಿದ್ದವರೂ ಸಣ್ಣದು ಕೊಡಲ್ವಾ?

ಸಂಖ್ಯಾಪ್ರಿಯ

ಒಳ್ಳೇ ಪ್ರಶ್ನೆ. 1976ರಲ್ಲಿ ರಾಬರ್ಟ್ ಚಾಲ್ಡೀನಿ, ಡೇವಿಡ್ ಶ್ರೋಡರ್ ಇದನ್ನೇ ನೋಡಿದರು. ಮನೆಮನೆಗೆ ಹೋಗಿ ಕೇಳುವಾಗ "ಒಂದು ಪೆನ್ನಿ ಕೊಟ್ಟರೂ ಸಹಾಯವಾಗುತ್ತೆ" ಅನ್ನೋ ಒಂದೇ ಮಾತು ಸೇರಿಸಿದರು. ಪೆನ್ನಿ ಅಂದರೆ ಅಲ್ಲಿನ ಅತಿ ಸಣ್ಣ ನಾಣ್ಯ. ಕೊಡುವವರು 29% ಆಸುಪಾಸಿನಿಂದ 50%ಗೆ ಏರಿದರು. ಅವರು ಕೊಟ್ಟ ಮೊತ್ತ ಅದರಿಂದ ಇಳಿಯಲಿಲ್ಲ. ಕಡಿಮೆ ಕೊಡೋಕೆ ನಾಚಿಕೆಪಟ್ಟು ಏನೂ ಕೊಡದೇ ಇರುವವರಿಗೆ ಆ ಮಾತು ದಾರಿ ಮಾಡುತ್ತೆ. "ಎಷ್ಟಾದರೂ ಸರಿ" ಅಂದರೆ ಎಷ್ಟು ಅಂತ ಯೋಚಿಸಿ ಯೋಚಿಸಿ ಬಿಟ್ಟುಬಿಡ್ತಾರೆ. "ತೀರಾ ಸಣ್ಣದೂ ಲೆಕ್ಕಕ್ಕೆ ಬರುತ್ತೆ" ಅನ್ನೋದು ಬೇರೆ.

ಮೌನಿ

"ಕಾರಣ ಹೇಳಬೇಕಾಗಿಲ್ಲ." ಆ ಒಂದು ಸಾಲು ಅವತ್ತು ಇದ್ದಿದ್ದರೆ ನಾನು ಗ್ರೂಪ್ ಬಿಡುತ್ತಿರಲಿಲ್ಲ.

ದೂರದೇಶ

ಕೆಲಸದ ಮಾತು: ಲಿಂಕನ್ನು ನಿಮ್ಮ ಫೋನಿನಲ್ಲೇ ಒಮ್ಮೆ ಪೂರ್ತಿ ತೆರೆದು ಪಾವತಿ ಮಾಡಿ ನೋಡಿ. ಬೇರೆ ದೇಶದಲ್ಲಿರುವ ಒಬ್ಬರ ಕಾರ್ಡಿನಿಂದಲೂ ಮಾಡಿಸಿ. ನಮ್ಮ ಬ್ಯಾಚಿನಲ್ಲಿ ಹೊರದೇಶದ ಕಾರ್ಡು ನಿರಾಕರಣೆ ಆಗ್ತಿತ್ತು, ಗೊತ್ತಾಗಿದ್ದು ರಾತ್ರಿ. ಪೇಜ್ ಎರಡು ಸಲ ತಪ್ಪು ತೋರಿಸಿದರೆ, ಕೊಡೋಕೆ ಬಂದ ಮನಸ್ಸೂ ಹೋಗುತ್ತೆ. ಮತ್ತೆ ಆ 24 ಗಂಟೆ ಯಾವ ಊರಿನ ಗಡಿಯಾರದ್ದು ಅಂತ ಸ್ಪಷ್ಟವಾಗಿ ಬರೆಯಿರಿ. ಎಲ್ಲರ "ಇವತ್ತು" ಒಂದೇ ಅಲ್ಲ. ತೆರಿಗೆ ವಿನಾಯಿತಿಯೂ ದೇಶಕ್ಕೊಂದು ಥರ, ಖಚಿತ ಗೊತ್ತಿಲ್ಲದೆ ಮಾತು ಕೊಡಬೇಡಿ.

ಬ್ಯಾಚ್‌ಪ್ರತಿನಿಧಿ

ಎಲ್ಲ ಬರೆದುಕೊಂಡೆ. ಆರು ಜನ ಕೇಳೋಕೆ ಒಪ್ಪಿದ್ದಾರೆ. ನಾಳೆ ರಾತ್ರಿ "ಇನ್ನೂಓದುತ್ತಿರುವೆ" ಅವರ ಜೊತೆ ವಿಡಿಯೋ ಕಾಲ್ ಇದೆ. ಮುಗಿದ ಮೇಲೆ ಬಂದು ಹೇಳ್ತೀನಿ.

ಬ್ಯಾಚ್‌ಪ್ರತಿನಿಧಿ (ಹನ್ನೊಂದು ದಿನದ ನಂತರ)

ಬಂದೆ. 58 ಜನರಲ್ಲಿ 31 ಜನ ಕೊಟ್ಟರು. ಕಳೆದ ವರ್ಷ ನಾಲ್ಕು.

ವಿಡಿಯೋ ಕಾಲಿನಲ್ಲಿ ನಮ್ಮ ಆರೂ ಜನ ಹತ್ತು ನಿಮಿಷ ಅಂದುಕೊಂಡು ಕೂತವರು ಐವತ್ತು ನಿಮಿಷ ಕೂತೆವು. ಆಮೇಲೆ ಯಾರಿಗೂ ಹೇಳಿಕೊಡಬೇಕಾಗಲಿಲ್ಲ. ಒಬ್ಬೊಬ್ಬರೂ ತಮ್ಮದೇ ಮಾತಿನಲ್ಲಿ ಬರೆದರು. ಗ್ರೂಪಿಗೆ ಇಡೀ ದಿನದಲ್ಲಿ ಮೂರೇ ಮೆಸೇಜ್ ಹಾಕಿದ್ದು, ಮೂರರಲ್ಲೂ ಎಣಿಕೆ ಮಾತ್ರ.

ಒಬ್ಬ ಗೆಳೆಯನಿಗೆ ಬರೆದಾಗ ಅವನು ಒಂದು ಗಂಟೆ ಬಿಟ್ಟು ಫೋನ್ ಮಾಡಿದ. ದುಡ್ಡಿನ ಮಾತೇ ಬರಲಿಲ್ಲ. ಅಮ್ಮನಿಗೆ ಹುಷಾರಿಲ್ಲ, ಎರಡು ತಿಂಗಳಿಂದ ಆಸ್ಪತ್ರೆ. ಯಾರಿಗೂ ಹೇಳಿರಲಿಲ್ಲವಂತೆ. "ಕಾರಣ ಹೇಳಬೇಕಾಗಿಲ್ಲ ಅಂತ ಬರೆದಿದ್ದೆಯಲ್ಲ, ಅದಕ್ಕೇ ಹೇಳಬೇಕು ಅನಿಸಿತು" ಅಂದ. ಮರುದಿನ ನಾವಿಬ್ಬರು ಹೋಗಿ ನೋಡಿಕೊಂಡು ಬಂದೆವು. ಅವನು ಆ 31ರಲ್ಲಿ ಇಲ್ಲ. ಆದರೆ ಈ ವರ್ಷ ನನಗೆ ತುಂಬ ಬೇಕಾಗಿದ್ದ ಕರೆ ಅದೇ.

ನೇರಮಾತು

ನಾನೂ ನಮ್ಮ ಕಾಲೇಜಿನ ಪೇಜ್ ತೆರೆದೆ. ಪಟ್ಟಿಯಲ್ಲಿ ಕಷ್ಟಕಾಲದ ನಿಧಿ ಇತ್ತು. ಅದಕ್ಕೆ ಮಾತ್ರ ಕೊಟ್ಟೆ. ಮೂರು ಕೌಂಟರಿನ ಸಿಟ್ಟು ಹಾಗೇ ಇದೆ. ಅದನ್ನೂ ಪೇಜಿನ ಕಾಮೆಂಟಿನಲ್ಲಿ ಬರೆದೆ.

ಲೆಕ್ಕದಪುಸ್ತಕ

ಬರೆಯಲೇಬೇಕು. ಕೊಟ್ಟವರಿಗೆ ಕೇಳುವ ಹಕ್ಕೂ ಇದೆ.

ಮೌನಿ

ನನಗೆ ಹೋದ ತಿಂಗಳು ಕೆಲಸ ಸಿಕ್ಕಿತು. ನಮ್ಮ ಬ್ಯಾಚಿನ ದಿನ ಇನ್ನೂ ದೂರ ಇದೆ. ಈ ಸಲ ಕೇಳುವವರ ಗುಂಪಿಗೆ ನಾನೂ ಸೇರ್ತೀನಿ ಅಂತ ಪಟ್ಟಿ ಹಾಕಿದವನಿಗೇ ಹೇಳಿದೆ. ಗ್ರೂಪಿಗೆ ಮತ್ತೆ ಸೇರಿಸಿದ.

ಫೋನ್‌ಡೆಸ್ಕ್

ಬ್ಯಾಚ್‌ಪ್ರತಿನಿಧಿ ಅವರೇ, ಥ್ಯಾಂಕ್ಸ್ ಹೇಳೋದು ಆಯ್ತಾ? ಯೂನಿವರ್ಸಿಟಿಯ ಆಟೋಮ್ಯಾಟಿಕ್ ಇಮೇಲ್ ಸಾಲದು, ನಿಮ್ಮಿಂದಲೇ ಹೋಗಬೇಕು. ಲ್ಯಾಪ್‌ಟಾಪಿನ ಹುಡುಗಿಯಿಂದ ಎರಡು ಸಾಲು ಬರೆಸಿದರೆ ಇನ್ನೂ ಒಳ್ಳೇದು.

ಬ್ಯಾಚ್‌ಪ್ರತಿನಿಧಿ

ಒಬ್ಬೊಬ್ಬರಿಗೂ ವಾಯ್ಸ್ ಮೆಸೇಜ್ ಕಳಿಸ್ತಿದ್ದೀನಿ. 22 ಆಯ್ತು. ಉಳಿದ ಒಂಬತ್ತು ಇವತ್ತು ರಾತ್ರಿ.

ಇನ್ನೂಓದುತ್ತಿರುವೆ

ನನ್ನ ಎರಡು ಸಾಲು ನಿಮ್ಮ ಇನ್‌ಬಾಕ್ಸಿಗೆ ಹಾಕಿದ್ದೀನಿ ಸರ್. ಕೈಯಲ್ಲೇ ಬರೆದು ಫೋಟೋ ತೆಗೆದಿದ್ದೀನಿ. ಅಕ್ಷರ ಸ್ವಲ್ಪ ವಾರೆಯಾಗಿದೆ, ಹಾಗೇ ಕಳಿಸಿಬಿಡಿ.